ನೇರ ಮೇಲಕ್ಕೆ ಎಸೆದ ಚೆಂಡು ಎಷ್ಟು ಎತ್ತರ ಹೋಯಿತು? ಯಾವಾಗ ಯಾವ ಲೆಕ್ಕ ಹಿಡಿಯಬೇಕು

ಚೆಂಡನ್ನು ನೇರ ಮೇಲಕ್ಕೆ ಎಸೆದರೆ ಅದು ಎಷ್ಟು ಎತ್ತರ ಹೋಗುತ್ತದೆ? ಹೈಸ್ಕೂಲಿನಲ್ಲಿ ವಿಜ್ಞಾನ ಓದಿದವರಲ್ಲಿ ಬಹಳ ಜನ ಥಟ್ಟನೆ ಹೇಳುವ ಉತ್ತರ ಒಂದೇ: ಯು ಸ್ಕ್ವೇರ್ ಬೈ ಟೂ ಜಿ. ತಪ್ಪೇನಿಲ್ಲ. ಆದರೆ ಇದೇ ಎತ್ತರ ತಿಳಿಯಲು ಇನ್ನೂ ಐದಾರು ದಾರಿಗಳಿವೆ. ಹಾಳೆಯ ಮೇಲೆ ಎಲ್ಲವೂ ಒಂದೇ ಉತ್ತರ ಕೊಡುತ್ತವೆ. ಮೈದಾನದಲ್ಲಿ ಕೊಡುವುದಿಲ್ಲ. ಒಂದು ದಾರಿ ನಿಜಕ್ಕಿಂತ ಹತ್ತು ಮೀಟರ್ ಜಾಸ್ತಿ ತೋರಿಸುವ ಕಡೆ ಇನ್ನೊಂದು ದಾರಿ ಸರಿಯಾದ ಎತ್ತರವನ್ನೇ ಹೇಳುತ್ತದೆ. ಆದ್ದರಿಂದ ಯಾವುದನ್ನು ಯಾವಾಗ ಹಿಡಿಯಬೇಕು ಎಂದು ತಿಳಿದಿರುವುದು ಒಳ್ಳೆಯದು.

ಮೊದಲು ಮೂರು ಗುರುತು ಇಟ್ಟುಕೊಳ್ಳೋಣ. ಚೆಂಡು ಕೈ ಬಿಟ್ಟ ಕ್ಷಣದ ವೇಗ ಯು. ಗುರುತ್ವ ವೇಗೋತ್ಕರ್ಷ ಜಿ, ಅಂದರೆ ಪ್ರತಿ ಸೆಕೆಂಡಿಗೂ ವೇಗ ಎಷ್ಟು ಇಳಿಯುತ್ತದೆ ಎನ್ನುವ ಲೆಕ್ಕ. ಭೂಮಿಯ ಮೇಲೆ ಅದು 9.8. ಚೆಂಡು ತುದಿ ಮುಟ್ಟಲು ಹಿಡಿಯುವ ಸಮಯ ಟಿ. ಉದಾಹರಣೆಗೆ ಸೆಕೆಂಡಿಗೆ 29.4 ಮೀಟರ್ ವೇಗದ ಎಸೆತ ತೆಗೆದುಕೊಳ್ಳೋಣ. ಗಂಟೆಗೆ ಸುಮಾರು 106 ಕಿಲೋಮೀಟರ್. ಬಲವಾದ ತೋಳಿನ ಫೀಲ್ಡರ್ ಒಬ್ಬರು ಕ್ರಿಕೆಟ್ ಚೆಂಡನ್ನು ಇಷ್ಟು ಜೋರಾಗಿ ಎಸೆಯಬಲ್ಲರು.

ಹಾಳೆಯ ಮೇಲಿನ ದಾರಿಗಳು

ಮೊದಲನೆಯದು ಎಲ್ಲರಿಗೂ ಗೊತ್ತಿರುವ ದಾರಿ. ಚಲನೆಯ ಮೂರನೇ ಸಮೀಕರಣದಲ್ಲಿ (ಕೊನೆಯ ವೇಗ² = ಯು² + 2 × ವೇಗೋತ್ಕರ್ಷ × ದೂರ) ಕೊನೆಯ ವೇಗ ಸೊನ್ನೆ ಎಂದು ಹಾಕಿದರೆ ಸಿಗುವುದು:

ಎತ್ತರ = ಯು² ÷ 2ಜಿ

29.4ರ ವರ್ಗ 864.36. ಅದನ್ನು 19.6ರಿಂದ ಭಾಗಿಸಿದರೆ 44.1 ಮೀಟರ್. ಒಂದೇ ಹೆಜ್ಜೆ, ಸಮಯದ ಗೊಡವೆಯೇ ಇಲ್ಲ. ಇಲ್ಲಿ ಎಡವುವುದು ಚಿಹ್ನೆಯಲ್ಲಿ ಮಾತ್ರ. ಮೇಲಿನ ದಿಕ್ಕು ಧನ ಎಂದರೆ ಜಿ ಋಣ ಆಗಬೇಕು. ಅದನ್ನು ಮರೆತವರಿಗೆ ಎತ್ತರ ಋಣ ಸಂಖ್ಯೆಯಾಗಿ ಬರುತ್ತದೆ. ಹಾಗೆ ಬಂದಾಗ ಸುಮ್ನೆ ಮೈನಸ್ ಅಳಿಸಿ ಮುಂದೆ ಹೋಗಬೇಡಿ. ಈ ಲೆಕ್ಕದಲ್ಲಿ ಹಾಗೆ ಪಾರಾಗಬಹುದು. ಕಟ್ಟಡದ ಮೇಲಿಂದ ಎಸೆದ ಚೆಂಡು ಕೆಳಗೆ ಬೀಳುವ ಲೆಕ್ಕದಲ್ಲಿ ಪಾರಾಗಲು ಆಗುವುದಿಲ್ಲ.

ಎರಡನೆಯದು ಸಮಯದ ದಾರಿ. ಮೊದಲು ಟಿ = ಯು ÷ ಜಿ. ನಮ್ಮ ಎಸೆತಕ್ಕೆ 3 ಸೆಕೆಂಡ್. ಆಮೇಲೆ ಎತ್ತರ = ಯು × ಟಿ − ½ × ಜಿ × ಟಿ². ಅಂದರೆ 88.2 − 44.1, ಮತ್ತೆ 44.1. ಒಂದು ಹೆಜ್ಜೆ ಜಾಸ್ತಿ. ಆದರೆ ಪ್ರಶ್ನೆಯಲ್ಲಿ ಸಮಯವನ್ನೂ ಕೇಳಿದ್ದರೆ ಈ ಹೆಜ್ಜೆ ಹೇಗೂ ಹಾಕಲೇಬೇಕು.

ಮೂರನೆಯದು ನಕ್ಷೆಯ ದಾರಿ. ಕಲಿಯುವವರು ಮೊದಲು ಹಿಡಿಯಬೇಕಾದದ್ದು ಇದೇ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಅಡ್ಡಗೆರೆಯ ಮೇಲೆ ಸಮಯ, ಉದ್ದಗೆರೆಯ ಮೇಲೆ ವೇಗ. 29.4ರಿಂದ ಹೊರಟ ನೇರ ಗೆರೆ 3 ಸೆಕೆಂಡಿನ ಹೊತ್ತಿಗೆ ಸೊನ್ನೆಗೆ ಇಳಿಯುತ್ತದೆ. ಗೆರೆಯ ಕೆಳಗಿನ ತ್ರಿಕೋನದ ವಿಸ್ತೀರ್ಣವೇ ಎತ್ತರ: ½ × 3 × 29.4 = 44.1. ಫ್ರಾನ್ಸಿನ ನಿಕೋಲ್ ಒರೆಸ್ಮ್ 14ನೇ ಶತಮಾನದಲ್ಲೇ ಇಂಥ ಚಿತ್ರ ಬರೆದು, ಒಂದೇ ಸಮನೆ ಬದಲಾಗುವ ವೇಗದಲ್ಲಿ ಸಾಗಿದ ದೂರ ಸರಾಸರಿ ವೇಗದಲ್ಲಿ ಸಾಗಿದ ದೂರಕ್ಕೆ ಸಮ ಎಂದು ತೋರಿಸಿದ್ದ. ಆಗಿನ್ನೂ ಗೆಲಿಲಿಯೋ ಹುಟ್ಟಲು ಇನ್ನೂರು ವರ್ಷ ಬಾಕಿ ಇತ್ತು.

ಈ ಚಿತ್ರದಿಂದ ಸಿಗುವ ಲಾಭ ಒಂದೆರಡಲ್ಲ. ಯು ಎರಡು ಪಟ್ಟು ಮಾಡಿ. ತ್ರಿಕೋನ ಎತ್ತರದಲ್ಲೂ ಅಗಲದಲ್ಲೂ ಎರಡು ಪಟ್ಟಾಗುತ್ತದೆ, ಆದ್ದರಿಂದ ವಿಸ್ತೀರ್ಣ ನಾಲ್ಕು ಪಟ್ಟು. ಸೂತ್ರದಲ್ಲಿ ವರ್ಗ ಎಲ್ಲಿಂದ ಬಂತು ಎಂದು ಕಣ್ಣಿಗೇ ಕಾಣುತ್ತದೆ, ಅಲ್ವಾ? ತ್ರಿಕೋನವನ್ನು ಸೆಕೆಂಡ್ ಸೆಕೆಂಡಾಗಿ ಕತ್ತರಿಸಿ ನೋಡಿ. ಮೊದಲ ಸೆಕೆಂಡಿನಲ್ಲಿ ಚೆಂಡು 24.5 ಮೀಟರ್ ಏರುತ್ತದೆ, ಎರಡನೆಯದರಲ್ಲಿ 14.7, ಮೂರನೆಯದರಲ್ಲಿ ಬರೀ 4.9. ಅನುಪಾತ 5, 3, 1. ಬೀಳುವಾಗ ಇದೇ ತಿರುಗಿ 1, 3, 5 ಆಗುತ್ತದೆ. ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ಬೆಸ ಸಂಖ್ಯೆಗಳ ನಿಯಮ ಇದೇ. ಅರ್ಧ ಸಮಯಕ್ಕೇ ಚೆಂಡು ಮುಕ್ಕಾಲು ಎತ್ತರ ಏರಿರುತ್ತದೆ ಎನ್ನುವುದೂ ಇದೇ ಚಿತ್ರದಲ್ಲಿದೆ.

ಕಲನಶಾಸ್ತ್ರದ (ಕ್ಯಾಲ್ಕುಲಸ್) ದಾರಿಯೂ ಇದೆ. ಎತ್ತರದ ಸಮೀಕರಣವನ್ನು ಅವಕಲಿಸಿ ಸೊನ್ನೆಗೆ ಸಮ ಮಾಡುವುದು. ಪಿಯುಸಿಯವರಿಗೆ ಇದು ಅಭ್ಯಾಸಕ್ಕೆ ಚೆನ್ನ. ಆದರೆ ಈ ಲೆಕ್ಕಕ್ಕೆ ಅದರ ಅಗತ್ಯ ಇಲ್ಲ. ಅವಕಲಿಸಿದಾಗ ಸಿಗುವುದು ಯು − ಜಿ × ಟಿ = 0, ಅಂದರೆ ಎರಡನೇ ದಾರಿಯ ಮೊದಲ ಹೆಜ್ಜೆ. ವೇಗೋತ್ಕರ್ಷವೇ ಸಮಯದೊಂದಿಗೆ ಬದಲಾಗುವ ಲೆಕ್ಕ ಬಂದಾಗ ಮಾತ್ರ ಅದನ್ನು ಕೈಗೆತ್ತಿಕೊಳ್ಳಿ.

ದಶಮಾಂಶ ಕತ್ತರಿಸಿದಾಗ ಯಾವುದು ಸುರಕ್ಷಿತ?

ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಸಮಯ ಗೊತ್ತಾದ ಮೇಲೆ ಎತ್ತರ ಕಂಡುಹಿಡಿಯಲು ಮೂರು ಸೂತ್ರಗಳಿವೆ. ಒಂದು, ಯು × ಟಿ − ½ × ಜಿ × ಟಿ². ಎರಡು, ಸರಾಸರಿ ವೇಗದ್ದು: ½ × ಯು × ಟಿ. ಮೂರು, ತುದಿಯಿಂದ ಬಿದ್ದಂತೆ ಎಣಿಸುವುದು: ½ × ಜಿ × ಟಿ². ಮೂರೂ ಒಂದೇ ಎಂದು ಪುಸ್ತಕ ಹೇಳುತ್ತದೆ. ಆದರೆ ಟಿಯನ್ನು ಕತ್ತರಿಸಿ ಬರೆದಾಗ ಮೂರೂ ಒಂದೇ ಅಲ್ಲ.

ಯು 25 ಎಂದಿಟ್ಟುಕೊಳ್ಳಿ. ಟಿ 2.551 ಬರುತ್ತದೆ. ಅದನ್ನು 2.6 ಎಂದು ಬರೆದುಬಿಟ್ಟರೆ? ಸರಿಯಾದ ಎತ್ತರ 31.89 ಮೀಟರ್. ಮೊದಲ ಸೂತ್ರ 31.88 ಕೊಡುತ್ತದೆ. ಎರಡನೆಯದು 32.5. ಮೂರನೆಯದು 33.12. ಮೂರನೆಯದರಲ್ಲಿ ಒಂದೂಕಾಲು ಮೀಟರಿನಷ್ಟು ತಪ್ಪು, ಮೊದಲನೆಯದರಲ್ಲಿ ಒಂದು ಸೆಂಟಿಮೀಟರ್ ಮಾತ್ರ.

ಕಾರಣ ಚೆಂಡಿನಲ್ಲೇ ಇದೆ. ತುದಿಯ ಹತ್ತಿರ ಅದು ಹೆಚ್ಚುಕಡಿಮೆ ನಿಂತೇ ಇರುತ್ತದೆ. ತುದಿ ಮುಟ್ಟುವ ಕೊನೆಯ ಅರ್ಧ ಸೆಕೆಂಡಿನಲ್ಲಿ ಏರುವುದು ಬರೀ 1.2 ಮೀಟರ್. ಇಳಿಯುವ ಮೊದಲ ಅರ್ಧ ಸೆಕೆಂಡಿನಲ್ಲೂ ಅಷ್ಟೇ. ಮೊದಲ ಸೂತ್ರ ಕೇಳುವುದು "2.6 ಸೆಕೆಂಡಿನ ಹೊತ್ತಿಗೆ ಚೆಂಡು ಎಲ್ಲಿತ್ತು" ಎಂಬ ಪ್ರಶ್ನೆ. 2.55ಕ್ಕೆ ಇದ್ದ ಜಾಗದಲ್ಲೇ ಅದು 2.6ಕ್ಕೂ ಇರುತ್ತದೆ. ಉಳಿದ ಎರಡು ಸೂತ್ರಗಳು ಟಿಯಲ್ಲಿರುವ ತಪ್ಪನ್ನು ನೇರವಾಗಿ ಎತ್ತರಕ್ಕೆ ಸಾಗಿಸುತ್ತವೆ. ಆದ್ದರಿಂದ ಕ್ಯಾಲ್ಕುಲೇಟರ್ ಇಲ್ಲದೆ ಅಂದಾಜು ಸಮಯದಲ್ಲಿ ಲೆಕ್ಕ ಮಾಡುವಾಗ ಉದ್ದನೆಯ ಸೂತ್ರವನ್ನೇ ಬಳಸಿ. ನೋಡಲು ಕಷ್ಟ, ಆದರೆ ತಪ್ಪನ್ನು ತಾನೇ ನುಂಗಿಕೊಳ್ಳುತ್ತದೆ. ಸಮಯವೇ ಬೇಡದಿದ್ದರೆ ಯು² ÷ 2ಜಿ ಇದ್ದೇ ಇದೆ.

ಶಕ್ತಿಯ ದಾರಿ

ಕೈ ಬಿಟ್ಟಾಗ ಇದ್ದ ಚಲನಶಕ್ತಿ ತುದಿಯಲ್ಲಿ ಪೂರ್ತಿ ಪ್ರಚ್ಛನ್ನ ಶಕ್ತಿಯಾಗುತ್ತದೆ. ½ × ರಾಶಿ × ಯು² = ರಾಶಿ × ಜಿ × ಎತ್ತರ. ಎರಡೂ ಕಡೆ ರಾಶಿ ಹೊಡೆದುಹೋಗುತ್ತದೆ. ಉಳಿಯುವುದು ಮತ್ತೆ ಯು² ÷ 2ಜಿ. ಹಾಗಾದರೆ ಹೊಸದೇನು?

ವೇಗ ಕೊಡದೆ ಶಕ್ತಿಯನ್ನೇ ಕೊಟ್ಟಾಗ ಇದರ ಬೆಲೆ ತಿಳಿಯುತ್ತದೆ. ಆಟದ ಸ್ಪ್ರಿಂಗ್ ಬಂದೂಕನ್ನು ತೆಗೆದುಕೊಳ್ಳಿ. ಸ್ಪ್ರಿಂಗಿನ ಸ್ಥಿರಾಂಕ ಮೀಟರಿಗೆ 200 ನ್ಯೂಟನ್, ಅದುಮಿದ್ದು 5 ಸೆಂಟಿಮೀಟರ್. ಒಳಗೆ ಕೂಡಿದ ಶಕ್ತಿ ½ × 200 × 0.05², ಅಂದರೆ 0.25 ಜೌಲ್. ಗುಂಡು 20 ಗ್ರಾಂ ಇದ್ದರೆ ಎತ್ತರ 0.25 ÷ (0.02 × 9.8), ಸುಮಾರು 1.28 ಮೀಟರ್. ವೇಗ ಎಷ್ಟಿತ್ತು ಎಂದು ಕೇಳುವ ಅಗತ್ಯವೇ ಬರಲಿಲ್ಲ. ಈ ಎತ್ತರ ಅದುಮಿಟ್ಟ ಜಾಗದಿಂದ ಎಣಿಸಿದ್ದು ಎನ್ನುವುದು ನೆನಪಿರಲಿ.

ನಡುವಿನ ವೇಗ ಕೊಟ್ಟ ಲೆಕ್ಕಗಳಿಗೂ ಇದೇ ಚೆಂದ. "ಅರ್ಧ ಎತ್ತರದಲ್ಲಿ ವೇಗ ಸೆಕೆಂಡಿಗೆ 10 ಮೀಟರ್, ಜಿ 10 ಎಂದುಕೊಳ್ಳಿ, ಗರಿಷ್ಠ ಎತ್ತರ ಎಷ್ಟು?" ಅಲ್ಲಿಂದ ಮೇಲೆ ಉಳಿದಿರುವುದು 100 ÷ 20, ಅಂದರೆ 5 ಮೀಟರ್. ಅದೇ ಅರ್ಧ. ಹಾಗಾಗಿ ಉತ್ತರ 10 ಮೀಟರ್. ಯಾವ ಎತ್ತರದಲ್ಲಿ ಯಾವ ವೇಗ ಗೊತ್ತಿದ್ದರೂ ಅಲ್ಲಿಂದ ಮೇಲೆ ವೇಗ² ÷ 2ಜಿ ಕೂಡಿಸಿದರೆ ಸಾಕು.

ಕೊರತೆ ಒಂದೇ. ಶಕ್ತಿಯ ಲೆಕ್ಕಕ್ಕೆ ಗಡಿಯಾರವಿಲ್ಲ. ಎಷ್ಟು ಹೊತ್ತು ಹಿಡಿಯಿತು ಎಂದು ಅದು ಹೇಳಲಾರದು.

ಪರೀಕ್ಷೆಯಲ್ಲಿ ಕೂತವರಿಗೆ

ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆ ಕೆಸಿಇಟಿಯಲ್ಲಿ ಭೌತಶಾಸ್ತ್ರಕ್ಕೆ 80 ನಿಮಿಷ, 60 ಪ್ರಶ್ನೆ. ಕ್ಯಾಲ್ಕುಲೇಟರ್ ಇಲ್ಲ. ಅಲ್ಲಿ ದಾರಿ ಆರಿಸುವುದೇ ಅರ್ಧ ಕೆಲಸ. ನನ್ನ ಸಲಹೆ ಇಷ್ಟೇ: ಸೂತ್ರ ನೆನಪಿಸಿಕೊಳ್ಳುವ ಮೊದಲು ಪ್ರಶ್ನೆ ಏನು ಕೊಟ್ಟಿದೆ ನೋಡಿ. ವೇಗ ಕೊಟ್ಟು ಎತ್ತರ ಮಾತ್ರ ಕೇಳಿದರೆ ಯು² ÷ 2ಜಿ. "ವೇಗ ಇಷ್ಟು ಪಟ್ಟಾದರೆ ಎತ್ತರ ಎಷ್ಟು ಪಟ್ಟು" ಎಂದರೆ ಸಂಖ್ಯೆ ಹಾಕಲೇ ಬೇಡಿ, ವರ್ಗ ಮಾಡಿ. "ಕೊನೆಯ ಸೆಕೆಂಡಿನಲ್ಲಿ ಎಷ್ಟು ಏರಿತು" ಎಂದರೆ 4.9, ಎಸೆತ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಏರುವುದಾದರೆ ವೇಗ ಎಷ್ಟಿದ್ದರೂ ಸರಿ. ಸೂತ್ರಕ್ಕೆ ಹೋದವರು ಇಲ್ಲಿ ಸುಮ್ನೆ ಸಮಯ ಕಳೆಯುತ್ತಾರೆ.

ಇನ್ನೊಂದು ಜಾತಿಯ ಪ್ರಶ್ನೆ ಬರುತ್ತದೆ. ಚೆಂಡು ಏರುವಾಗ 1 ಸೆಕೆಂಡಿಗೆ, ಇಳಿಯುವಾಗ 3 ಸೆಕೆಂಡಿಗೆ ಒಂದೇ ಕಿಟಕಿಯನ್ನು ದಾಟುತ್ತದೆ. ವೇಗ ಕೊಟ್ಟಿಲ್ಲ. ಎರಡು ಸಮಯಗಳನ್ನು ಕೂಡಿಸಿ, ಒಟ್ಟು ಹಾರಾಟದ ಸಮಯ 4 ಸೆಕೆಂಡ್. ತುದಿ 2 ಸೆಕೆಂಡಿಗೆ. ಗರಿಷ್ಠ ಎತ್ತರ 4.9 × 4 = 19.6 ಮೀಟರ್. ಎರಡು ಸಮಯಗಳನ್ನು ಗುಣಿಸಿ 4.9ರಿಂದ ಗುಣಿಸಿದರೆ ಕಿಟಕಿಯ ಎತ್ತರ, 14.7 ಮೀಟರ್. ಇದನ್ನು ಮೂರನೇ ಸಮೀಕರಣದಿಂದ ಬಿಡಿಸಲು ಹೊರಟರೆ ಅರ್ಧ ಪುಟ ಬೇಕು.

ಜಿ 9.8 ಹಾಕಬೇಕೋ 10 ಹಾಕಬೇಕೋ? ಪ್ರಶ್ನೆ ಹೇಳಿದ್ದನ್ನು ಹಾಕಿ. 10 ಹಾಕಿದರೆ ಎತ್ತರ ಶೇಕಡಾ 2ರಷ್ಟು ಕಡಿಮೆ ಬರುತ್ತದೆ. ನಮ್ಮ 44.1 ಹೋಗಿ 43.2 ಆಗುತ್ತದೆ. ಭೂಮಿಯ ಮೇಲೆ ಜಿ ನಿಜವಾಗಿ ಸಮಭಾಜಕದ ಬಳಿ 9.78, ಧ್ರುವಗಳಲ್ಲಿ 9.83. ಈ ವ್ಯತ್ಯಾಸ ಮೈದಾನದ ಅಳತೆಗೂ ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬರುವುದು ಗಾಳಿ.

ಮೈದಾನಕ್ಕೆ ಬಂದಾಗ

ಈಗ ಅದೇ 29.4 ಮೀಟರಿನ ಎಸೆತವನ್ನು ನಿಜವಾದ ಕ್ರಿಕೆಟ್ ಚೆಂಡಿನಿಂದ ಮಾಡೋಣ. ಚೆಂಡಿನ ತೂಕ ಸುಮಾರು 160 ಗ್ರಾಂ, ವ್ಯಾಸ 7.2 ಸೆಂಟಿಮೀಟರ್. ಗಾಳಿಯ ಎಳೆತದ ಗುಣಾಂಕ (ವಸ್ತುವಿನ ಆಕಾರಕ್ಕೆ ಗಾಳಿ ಎಷ್ಟು ತಡೆ ಒಡ್ಡುತ್ತದೆ ಎನ್ನುವ ಅಂಕಿ) 0.45 ಎಂದಿಟ್ಟುಕೊಂಡರೆ ಈ ಚೆಂಡಿನ ಅಂತಿಮ ವೇಗ ಸೆಕೆಂಡಿಗೆ ಸುಮಾರು 38 ಮೀಟರ್. ಅಂದರೆ ಆಕಾಶದಿಂದ ಬಿಟ್ಟರೂ ಅದು ಬೀಳುವ ವೇಗ 38ಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ಗಾಳಿಯ ತಡೆ ಚೆಂಡಿನ ತೂಕಕ್ಕೆ ಸಮ. 29.4 ಅದಕ್ಕಿಂತ ಬಹಳ ಕಡಿಮೆಯೇನಲ್ಲ. ಹಾಗಾಗಿ ಕೈ ಬಿಟ್ಟ ಕೂಡಲೇ ಗಾಳಿ ಚೆಂಡನ್ನು ಗುರುತ್ವದ ಅರ್ಧಕ್ಕೂ ಹೆಚ್ಚು ಬಲದಿಂದ ಕೆಳಕ್ಕೆ ತಳ್ಳುತ್ತಿರುತ್ತದೆ.

ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ತೆಗೆದುಕೊಂಡರೆ ಸೂತ್ರ ಹೀಗಾಗುತ್ತದೆ:

ಎತ್ತರ = (ಅಂತಿಮ ವೇಗ² ÷ 2ಜಿ) × ಸ್ವಾಭಾವಿಕ ಲಾಗ್ (1 + ಯು² ÷ ಅಂತಿಮ ವೇಗ²)

ಲೆಕ್ಕ ಹಾಕಿದರೆ 34.6 ಮೀಟರ್. ಪುಸ್ತಕದ 44.1 ಎಲ್ಲಿ, ಇದು ಎಲ್ಲಿ! ಒಂಬತ್ತೂವರೆ ಮೀಟರ್ ಗಾಳಿಯ ಪಾಲಾಯಿತು. ಚೆಂಡು ಕೈಗೆ ಮರಳುವಾಗ ವೇಗವೂ 29.4 ಇರುವುದಿಲ್ಲ, ಸುಮಾರು 23ಕ್ಕೆ ಇಳಿದಿರುತ್ತದೆ. ಇದು ಮಂಗಳೂರಿನಂಥ ಸಮುದ್ರದ ಮಟ್ಟದ ಊರಿನ ಲೆಕ್ಕ. ಬೆಂಗಳೂರು 900 ಮೀಟರಿಗಿಂತ ಮೇಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ. ಅದೇ ಎಸೆತ ಅಲ್ಲಿ ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ ಮೇಲೆ ಹೋಗುತ್ತದೆ.

ಹಗುರ ಚೆಂಡಿನಲ್ಲಿ ಅಂತರ ಇನ್ನೂ ದೊಡ್ಡದು. ಟೇಬಲ್ ಟೆನಿಸ್ ಚೆಂಡು 2.7 ಗ್ರಾಂ, ವ್ಯಾಸ 40 ಮಿಲಿಮೀಟರ್. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಎಸೆದರೆ ಪುಸ್ತಕದ ಲೆಕ್ಕ 5.1 ಮೀಟರ್. ಗಾಳಿ ಸೇರಿಸಿದರೆ ಸುಮಾರು 3.3.

ಹಾಗಾದರೆ ಮೈದಾನದಲ್ಲಿ ನಿಂತವರು ಗುಣಾಂಕ, ಸಾಂದ್ರತೆ, ಲಾಗ್ ಎಲ್ಲ ಹಿಡಿದು ಕೂರಬೇಕಾ? ಬೇಕಾಗಿಲ್ಲ. ಇಲ್ಲೇ ಸ್ಟಾಪ್‌ವಾಚಿನ ದಾರಿ ಬರುತ್ತದೆ. ಈ ಇಡೀ ಬರಹದಲ್ಲಿ ನನಗೆ ಅತ್ಯಂತ ಪ್ರೀತಿಯ ದಾರಿ ಇದೇ.

ಕೈ ಬಿಟ್ಟ ಕ್ಷಣದಿಂದ ಮತ್ತೆ ಅದೇ ಎತ್ತರಕ್ಕೆ ಕೈಗೆ ಬಂದ ಕ್ಷಣದವರೆಗಿನ ಒಟ್ಟು ಸಮಯ ಅಳೆಯಿರಿ. ಆಮೇಲೆ:

ಎತ್ತರ = ಜಿ × ಒಟ್ಟು ಸಮಯ² ÷ 8

ಒಟ್ಟು ಸಮಯದ ವರ್ಗವನ್ನು 1.225ರಿಂದ ಗುಣಿಸಿದರೆ ಮುಗಿಯಿತು. ಈ ಸೂತ್ರವೂ ಗಾಳಿ ಇಲ್ಲ ಎಂದುಕೊಂಡೇ ಹುಟ್ಟಿದ್ದು. ಹಾಗಾಗಿ ಇದೂ ಯು² ÷ 2ಜಿ ಯಷ್ಟೇ ತಪ್ಪಬೇಕು ಎಂದು ಅನಿಸುತ್ತದೆ. ಆದರೆ ಲೆಕ್ಕ ಮಾಡಿ ನೋಡಿ. ನಮ್ಮ ಕ್ರಿಕೆಟ್ ಚೆಂಡು ಗಾಳಿಯಲ್ಲಿ ಏರಲು ಸುಮಾರು 2.55 ಸೆಕೆಂಡ್, ಇಳಿಯಲು 2.76 ಸೆಕೆಂಡ್ ತೆಗೆದುಕೊಳ್ಳುತ್ತದೆ. ಒಟ್ಟು 5.31. ವರ್ಗ ಮಾಡಿ 1.225ರಿಂದ ಗುಣಿಸಿದರೆ 34.6 ಮೀಟರ್ ಬರುತ್ತದೆ. ನಿಜವಾದ ಎತ್ತರವೇ!

ಇದು ಕಾಕತಾಳೀಯ ಅಲ್ಲ. ಗಾಳಿ ಇಲ್ಲದಿದ್ದರೆ 34.6 ಮೀಟರ್ ಏರಲು 2.66 ಸೆಕೆಂಡ್, ಇಳಿಯಲು 2.66 ಸೆಕೆಂಡ್ ಬೇಕು. ಏರುವಾಗ ಗಾಳಿಯ ತಡೆ ಗುರುತ್ವದ ಜೊತೆ ಸೇರಿಕೊಳ್ಳುತ್ತದೆ. ಚೆಂಡು ಬೇಗ ನಿಲ್ಲುತ್ತದೆ, ಹತ್ತನೇ ಒಂದು ಸೆಕೆಂಡ್ ಉಳಿಯುತ್ತದೆ. ಇಳಿಯುವಾಗ ಅದೇ ಗಾಳಿ ಗುರುತ್ವಕ್ಕೆ ಎದುರು ನಿಲ್ಲುತ್ತದೆ. ಚೆಂಡು ನಿಧಾನವಾಗಿ ಬರುತ್ತದೆ, ಹತ್ತನೇ ಒಂದು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ. ಉಳಿದದ್ದು, ಜಾಸ್ತಿಯಾದದ್ದು ಎರಡೂ ಒಂದಕ್ಕೊಂದು ವಜಾ ಆಗುತ್ತವೆ. ಸರಣಿಯಾಗಿ ಬಿಡಿಸಿ ನೋಡಿದರೆ ಗಾಳಿಯಿಂದ ಬರುವ ಮೊದಲ ಹಂತದ ತಪ್ಪು ಪೂರ್ತಿ ಸೊನ್ನೆಯಾಗುತ್ತದೆ. ಉಳಿಯುವುದು ಅದರ ಮುಂದಿನ ಸಣ್ಣ ಹಂತಗಳು ಮಾತ್ರ.

ಟೇಬಲ್ ಟೆನಿಸ್ ಚೆಂಡಿನಲ್ಲಿ ಪರೀಕ್ಷಿಸಿ. ಒಟ್ಟು ಸಮಯ 1.64 ಸೆಕೆಂಡ್, ಸೂತ್ರದ ಎತ್ತರ 3.29 ಮೀಟರ್, ನಿಜದ ಎತ್ತರ 3.28. ಇನ್ನೂ ಕಠಿಣ ಪರೀಕ್ಷೆ ಬೇಕಾದರೆ ಬ್ಯಾಡ್ಮಿಂಟನ್ ಶಟಲ್ ತೆಗೆದುಕೊಳ್ಳಿ. ಅದರ ಅಂತಿಮ ವೇಗ ಸೆಕೆಂಡಿಗೆ 6.8 ಮೀಟರಿನಷ್ಟು. 30 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಹೊಡೆದರೆ ಪುಸ್ತಕದ ಸೂತ್ರ 45.9 ಮೀಟರ್ ಎನ್ನುತ್ತದೆ. ಗಾಳಿ ಸೇರಿಸಿದ ಲೆಕ್ಕ ಸುಮಾರು 7.1 ಮೀಟರ್. ಸ್ಟಾಪ್‌ವಾಚ್ ಸೂತ್ರ 7.4. ಒಂದು ಸೂತ್ರ ಆರು ಪಟ್ಟಿಗೂ ಹೆಚ್ಚು ತಪ್ಪಿದ ಕಡೆ ಇನ್ನೊಂದು ಶೇಕಡಾ 4ರೊಳಗೆ ನಿಂತಿತು. ವೇಗ ಅಳೆಯುವ ಗನ್ ಎಷ್ಟೇ ದುಬಾರಿಯದಾಗಿರಲಿ, ಅದರ ಅಂಕಿಯನ್ನು ಯು² ÷ 2ಜಿ ಗೆ ಹಾಕಿ ಪಡೆದ ಎತ್ತರಕ್ಕಿಂತ ಮೊಬೈಲಿನ ಸ್ಟಾಪ್‌ವಾಚ್ ಹೇಳುವ ಎತ್ತರವನ್ನೇ ನಾನು ನಂಬುತ್ತೇನೆ.

ಆದರೆ ಅರ್ಧ ದಾರಿಯ ಸಮಯ ಅಳೆಯಬೇಡಿ. ಏರಿದ 2.55 ಸೆಕೆಂಡ್ ಮಾತ್ರ ಹಿಡಿದರೆ ಎತ್ತರ 31.9 ಮೀಟರ್ ಎಂದು ಬರುತ್ತದೆ. ಇಳಿದ 2.76 ಮಾತ್ರ ಹಿಡಿದರೆ 37.3. ಎರಡೂ ತಪ್ಪು. ವಜಾ ಆಗಬೇಕಾದರೆ ಎರಡೂ ಪಾಲು ಬೇಕು. ಮೇಲಾಗಿ ತುದಿ ಯಾವ ಕ್ಷಣ ಎಂದು ಕಣ್ಣಿಗೆ ಗೊತ್ತಾಗುವುದೇ ಇಲ್ಲ.

ಎಸೆದ ಎತ್ತರ, ಹಿಡಿದ ಎತ್ತರ ಒಂದೇ ಇರಲಿ. ತಲೆಯ ಮೇಲಿಂದ ಎಸೆದು ನೆಲಕ್ಕೆ ಬೀಳಲು ಬಿಟ್ಟರೆ ಸಮಯ ಜಾಸ್ತಿ ಬರುತ್ತದೆ, ಸೂತ್ರ ಹೊಂದುವುದಿಲ್ಲ. ಸಿಗುವ ಎತ್ತರ ಕೈಯಿಂದ ಮೇಲಿನದು. ನೆಲದಿಂದ ಬೇಕಾದರೆ ಕೈ ಇದ್ದ ಎತ್ತರ ಕೂಡಿಸಿ.

ಸ್ಟಾಪ್‌ವಾಚ್ ಕೈಕೊಡುವ ಕಡೆ

ಸಣ್ಣ ಎಸೆತಗಳಲ್ಲಿ ಇದು ಒಳ್ಳೆಯ ದಾರಿಯಲ್ಲ. ಬೆರಳಿನಿಂದ ಒತ್ತುವಾಗ ಹತ್ತನೇ ಒಂದು ಸೆಕೆಂಡಿನ ತಪ್ಪು ಸುಲಭವಾಗಿ ಆಗುತ್ತದೆ. 5.3 ಸೆಕೆಂಡಿನ ಹಾರಾಟದಲ್ಲಿ ಅದರಿಂದ ಎತ್ತರ ಸುಮಾರು 1.3 ಮೀಟರ್ ಅತ್ತಿತ್ತ ಆಗುತ್ತದೆ, ಶೇಕಡಾ 4ರಷ್ಟು. ಸಹಿಸಬಹುದು. ಆದರೆ 2 ಮೀಟರ್ ಎತ್ತರದ ಎಸೆತ ಮುಗಿಯುವುದೇ 1.28 ಸೆಕೆಂಡಿನಲ್ಲಿ. ಅಲ್ಲಿ ಅದೇ ತಪ್ಪು ಶೇಕಡಾ 16 ಆಗಿಬಿಡುತ್ತದೆ. ಅಷ್ಟು ಕಡಿಮೆ ಎತ್ತರಕ್ಕೆ ಗೋಡೆಯ ಮೇಲೆ ಟೇಪು ಅಂಟಿಸಿ ಪಕ್ಕದಿಂದ ವಿಡಿಯೋ ಮಾಡಿ ನೋಡುವುದೇ ವಾಸಿ. ತುದಿಯಲ್ಲಿ ಚೆಂಡು ನಿಧಾನ ಆಗುವುದರಿಂದ ಆ ಫ್ರೇಮು ಮಸುಕಾಗುವುದಿಲ್ಲ. ಕ್ಯಾಮೆರಾ ತುದಿಯ ಮಟ್ಟದಲ್ಲೇ ಇರಲಿ. ಕೆಳಗಿನಿಂದ ತೆಗೆದರೆ ಗೋಡೆಯ ಟೇಪಿನಲ್ಲಿ ಎತ್ತರ ಜಾಸ್ತಿ ಕಾಣುತ್ತದೆ.

ಎತ್ತರದ ಎಸೆತಕ್ಕೂ ವಿಡಿಯೋ ಒಳ್ಳೆಯ ಗಡಿಯಾರ. ಸೆಕೆಂಡಿಗೆ 30 ಫ್ರೇಮಿನ ಸಾಮಾನ್ಯ ವಿಡಿಯೋದಲ್ಲಿ ಕೈ ಬಿಟ್ಟ ಫ್ರೇಮಿನಿಂದ ಹಿಡಿದ ಫ್ರೇಮಿನವರೆಗೆ ಎಣಿಸಿ. ಒಂದು ಫ್ರೇಮು ತಪ್ಪಿದರೂ 34.6 ಮೀಟರಿನಲ್ಲಿ ಅರ್ಧ ಮೀಟರಿನೊಳಗೇ ಇರುತ್ತೀರಿ. ಚೆಂಡು ನಡುವೆ ಚೌಕಟ್ಟಿನಿಂದ ಹೊರಗೆ ಹೋದರೂ ಚಿಂತೆಯಿಲ್ಲ. ಕೈಗಳು ಕಂಡರೆ ಸಾಕು.

ಕೋನ ಅಳೆಯುವ ದಾರಿಯೂ ಒಂದಿದೆ. ಎಸೆಯುವವರಿಂದ 40 ಮೀಟರ್ ದೂರ ನಿಂತು, ತುದಿಯಲ್ಲಿದ್ದಾಗ ಚೆಂಡಿನ ಕೋನ ಹಿಡಿಯಬೇಕು. ದೂರ × ಟ್ಯಾನ್ ಕೋನ, ಅದಕ್ಕೆ ಕಣ್ಣಿನ ಎತ್ತರ ಸೇರಿಸಿದರೆ ನೆಲದಿಂದ ಎತ್ತರ ಸಿಗುತ್ತದೆ. ಇಲ್ಲಿ ಒಂದು ಡಿಗ್ರಿ ತಪ್ಪಿದರೆ ಎತ್ತರ ಸುಮಾರು 1.2 ಮೀಟರ್ ತಪ್ಪುತ್ತದೆ. ಗಾಳಿಯ ತಡೆಯ ಚಿಂತೆ ಇಲ್ಲ, ಜಿ ಕೂಡ ಬೇಡ. ಆದರೆ ಚೆಂಡು ನೇರ ಮೇಲಕ್ಕೆ ಹೋಗದೆ ನಿಮ್ಮ ಕಡೆ ಎರಡು ಮೀಟರ್ ವಾಲಿದ್ದರೆ ದೂರವೇ ಬದಲಾಯಿತು. ಕೈ ಎಸೆತಗಳು ಸದಾ ಸ್ವಲ್ಪ ವಾಲುತ್ತವೆ. ಅದಕ್ಕೇ ಚೆಂಡಿಗೆ ನಾನು ಇದನ್ನು ಹೇಳುವುದಿಲ್ಲ.

ನೀರಿನ ರಾಕೆಟ್ ಹಾರಿಸುವ ಶಾಲೆಗಳಿಗೆ ಮಾತ್ರ ಕೋನದ ದಾರಿಯನ್ನೇ ಹೇಳುತ್ತೇನೆ. ಬಾಟಲಿಯಿಂದ ನೀರು ಹೊರಗೆ ಚಿಮ್ಮುತ್ತಿರುವವರೆಗೂ ಒಳಗಿನ ಒತ್ತಡ ಅದನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಹಾಗಾಗಿ ಅದು ಆರಂಭದಲ್ಲಿ ಎಸೆದು ಬಿಟ್ಟ ವಸ್ತುವಲ್ಲ. ಪ್ಯಾರಾಚೂಟ್ ಬಿಚ್ಚಿದರಂತೂ ಇಳಿಯುವ ಸಮಯಕ್ಕೂ ಎತ್ತರಕ್ಕೂ ಸಂಬಂಧವೇ ತಪ್ಪುತ್ತದೆ. ಎರಡು ಕಡೆ ಇಬ್ಬರು ಮಕ್ಕಳನ್ನು ಕೋನಮಾಪಕ ಕೊಟ್ಟು ನಿಲ್ಲಿಸಿದರೆ ವಾಲುವಿಕೆಯ ತಪ್ಪೂ ಸಾಕಷ್ಟು ತಗ್ಗುತ್ತದೆ.

ಗಾಳಿಯೇ ಇಲ್ಲದ ಕಡೆ ಪುಸ್ತಕದ ಸೂತ್ರಕ್ಕೆ ಪೂರ್ತಿ ಬೆಲೆ ಸಿಗುತ್ತದೆ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆ ಮತ್ತು ಗರಿಯನ್ನು ಒಟ್ಟಿಗೆ ಬಿಟ್ಟಾಗ ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಅಲ್ಲಿ ಜಿ 1.62. ನಮ್ಮ 29.4ರ ಎಸೆತ ಅಲ್ಲಿ 267 ಮೀಟರ್ ಏರಿ, 36 ಸೆಕೆಂಡಿನ ನಂತರ ಅದೇ ವೇಗದಲ್ಲಿ ಕೈಗೆ ಬರುತ್ತದೆ. ಕ್ರಿಕೆಟ್ ಚೆಂಡಾದರೂ ಅಷ್ಟೇ, ಶಟಲ್ ಆದರೂ ಅಷ್ಟೇ.

ತುಂಬಾ ಎತ್ತರ ಹೋದಾಗ

ಇಲ್ಲಿಯವರೆಗೆ ಜಿ ಬದಲಾಗುವುದಿಲ್ಲ ಎಂದುಕೊಂಡೆವು. ಮೇಲೆ ಹೋದಂತೆ ಅದು ಕಡಿಮೆಯಾಗುತ್ತದೆ. ಆಗ ಚಲನೆಯ ಮೂರು ಸಮೀಕರಣಗಳೂ ಕೆಲಸಕ್ಕೆ ಬರುವುದಿಲ್ಲ. ಸ್ಟಾಪ್‌ವಾಚ್ ಸೂತ್ರವೂ ಹೊಂದುವುದಿಲ್ಲ. ಶಕ್ತಿಯ ದಾರಿ ಮಾತ್ರ ನಿಲ್ಲುತ್ತದೆ. ಮೊದಲು ಎಂದಿನಂತೆ ಯು² ÷ 2ಜಿ ಕಂಡುಹಿಡಿಯಿರಿ. ಅದನ್ನು ಪುಸ್ತಕದ ಎತ್ತರ ಎನ್ನೋಣ. ಆಮೇಲೆ:

ಎತ್ತರ = ಪುಸ್ತಕದ ಎತ್ತರ ÷ (1 − ಪುಸ್ತಕದ ಎತ್ತರ ÷ ಭೂಮಿಯ ತ್ರಿಜ್ಯ)

ಭೂಮಿಯ ತ್ರಿಜ್ಯ 6,371 ಕಿಲೋಮೀಟರ್. ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗಕ್ಕೆ ಪುಸ್ತಕದ ಎತ್ತರ 51 ಕಿಲೋಮೀಟರ್, ತಿದ್ದಿದ ಎತ್ತರ 51.4. ಶೇಕಡಾ ಒಂದೂ ವ್ಯತ್ಯಾಸವಿಲ್ಲ. ಆದ್ದರಿಂದ ಇದಕ್ಕಿಂತ ಕಡಿಮೆ ವೇಗಕ್ಕೆ ಈ ತಿದ್ದುಪಡಿ ಬೇಡ. ಪುಸ್ತಕದ ಎತ್ತರ ಭೂಮಿಯ ತ್ರಿಜ್ಯಕ್ಕೇ ಸಮವಾದರೆ ಕೆಳಗಿನ ಭಾಜಕ ಸೊನ್ನೆಯಾಗುತ್ತದೆ, ಎತ್ತರಕ್ಕೆ ಕೊನೆಯೇ ಇರುವುದಿಲ್ಲ. ಆ ವೇಗ ಸೆಕೆಂಡಿಗೆ 11.2 ಕಿಲೋಮೀಟರ್. ವಿಮೋಚನಾ ವೇಗ ಎಂದು ಬೇರೆ ಪಾಠದಲ್ಲಿ ಕಲಿಯುವುದು ಇದನ್ನೇ.

ಇದಕ್ಕೆ ನಿಜವಾದ ಒಂದು ಎಸೆತವೂ ಇದೆ. ಹಾರ್ಪ್ ಎಂಬ ಯೋಜನೆಯಲ್ಲಿ 1966ರ ನವೆಂಬರಿನಲ್ಲಿ ಅಮೆರಿಕದ ಅರಿಜೋನಾದ ಯೂಮಾದಲ್ಲಿ 16 ಅಂಗುಲದ ಫಿರಂಗಿಯಿಂದ ಮಾರ್ಟ್‌ಲೆಟ್ ಎಂಬ ಉತ್ಕ್ಷೇಪಕವನ್ನು ಹೆಚ್ಚುಕಡಿಮೆ ನೇರ ಮೇಲಕ್ಕೆ ಹಾರಿಸಿದರು. ಬಾಯಿಂದ ಹೊರಟ ವೇಗ ಸೆಕೆಂಡಿಗೆ ಸುಮಾರು 2,100 ಮೀಟರ್. ಯು² ÷ 2ಜಿ ಪ್ರಕಾರ 225 ಕಿಲೋಮೀಟರ್. ಜಿ ಕಡಿಮೆಯಾಗುವುದನ್ನು ಸೇರಿಸಿದರೆ 233. ಅದು ಮುಟ್ಟಿದ್ದು ಸುಮಾರು 180 ಕಿಲೋಮೀಟರ್. ಚೂಪಾದ ಮೂತಿಯ ಭಾರವಾದ ಉತ್ಕ್ಷೇಪಕವಾದ್ದರಿಂದ ಇಷ್ಟಾದರೂ ಉಳಿಯಿತು. ಇಷ್ಟು ವೇಗದ ಎಸೆತದಲ್ಲಿ ಗುರುತ್ವದ ತಿದ್ದುಪಡಿ 8 ಕಿಲೋಮೀಟರ್ ಕೂಡಿಸಿದರೆ ಗಾಳಿ 50 ಕಿಲೋಮೀಟರಿನಷ್ಟು ಕಳೆಯುತ್ತದೆ. ಹಾಗಾಗಿ ಇಂಥ ಲೆಕ್ಕಕ್ಕೆ ಕೂತಾಗ ಜಿ ಬದಲಾಗುವುದನ್ನು ಆಮೇಲೆ ನೋಡಿಕೊಳ್ಳಬಹುದು. ಮೊದಲು ಗಾಳಿಯ ತಡೆಯನ್ನು ಎತ್ತರದ ಜೊತೆ ಇಳಿಯುವ ಸಾಂದ್ರತೆಗೆ ತಕ್ಕಂತೆ ಹಂತಹಂತವಾಗಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ.